ಮೂಡಬಿದಿರೆಯ ಚೌಟರ ಅರಮನೆ

ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕಡೆಯಿಂದ ದಕ್ಷಿಣದ ಯಾತ್ರೆಗೆ ಹೊರಡುವ ನಮ್ಮ ಬಾಂಧವರು ಮೂಡಬಿದಿರೆಯಲ್ಲಿ ಇಳಿಯದೆ ಮರಳುವುದಿಲ್ಲ. 1430ರ ಸಾವಿರ ಕಂಬದ ಬಸದಿ, ಸಿದ್ಧಾಂತ ದರ್ಶನ, ಊಟ. ಆಮೇಲೆ ಬಸ್ಸು ಕಾರ್ಕಳದ ದಾರಿ ಹಿಡಿಯುತ್ತದೆ. ಅದೇ ಊರಿನ ಚೌಟರ ಅರಮನೆಗೂ ಒಂದು ಗಳಿಗೆ ಹೋಗಿ ಬನ್ನಿರೆಂದು ನಾವು ಕೇಳಿಕೊಳ್ಳುತ್ತೇವೆ.

ಅರಮನೆಯೆಂದಾಕ್ಷಣ ಕೋಟೆ, ಬುರುಜುಗಳನ್ನು ನಿರೀಕ್ಷಿಸಬೇಡಿ. ಹಂಚಿನ ಮಾಡಿನ ದೊಡ್ಡಮನೆ ಅದು. ಅದರ ಸಿರಿಯೆಲ್ಲ ಮರದಲ್ಲಿದೆ. ಕೆತ್ತನೆಯ ಕಂಬಗಳಲ್ಲಿ ನವನಾರೀಕುಂಜರವನ್ನು ಹುಡುಕಿ. ದೂರದಿಂದ ಆನೆ, ಹತ್ತಿರ ಹೋದರೆ ಒಬ್ಬರನ್ನೊಬ್ಬರು ಆತುಕೊಂಡ ಒಂಬತ್ತು ಮಂದಿ ಹೆಂಗಸರು! ಐವರು ಸೇರಿ ಕುದುರೆಯಾದದ್ದು ಪಂಚನಾರೀತುರಗ. ಮಕ್ಕಳನ್ನು ಮುಂದೆ ನಿಲ್ಲಿಸಿ ಎಣಿಸಲು ಹೇಳಿ, ಬೇಗ ಮುಗಿಯುವ ಲೆಕ್ಕವಲ್ಲ.

ಚೌಟರು ಜೈನ ಅರಸರು. ಮೊದಲು ಉಳ್ಳಾಲದ ಬಳಿಯ ಸೋಮೇಶ್ವರ, ಬಳಿಕ ಪುತ್ತಿಗೆ, 17ನೇ ಶತಮಾನದಲ್ಲಿ ಮೂಡಬಿದಿರೆ ಅವರ ನೆಲೆಯಾಯಿತು. ಪೋರ್ಚುಗೀಸರಿಗೆ ಕಪ್ಪ ಕೊಡಲೊಪ್ಪದೆ ಕಾದಾಡಿದ ಉಳ್ಳಾಲದ ರಾಣಿ ಅಬ್ಬಕ್ಕ ಈ ಮನೆತನದವಳೇ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆ ಉಳ್ಳಾಲದ ರಾಣಿಯನ್ನು ಕಂಡದ್ದು ಸಿಂಹಾಸನದ ಮೇಲಲ್ಲ. ನೀರಿನ ಕಾಲುವೆ ತೋಡಿಸುವ ಕೆಲಸ ನೋಡಿಕೊಳ್ಳಲು ಆಕೆ ಬರಿಗಾಲಲ್ಲಿ, ದಪ್ಪ ಹತ್ತಿಯ ಬಟ್ಟೆಯುಟ್ಟು ಹೊರಟಿದ್ದಳಂತೆ.

ನಮ್ಮ ಕಡೆ ಅಂಗಡಿ, ಮನೆ ಎಲ್ಲವೂ ಅಪ್ಪನಿಂದ ಮಗನಿಗೆ. ತುಳುನಾಡಿನ ಜೈನ ಮನೆತನಗಳಲ್ಲಿ ನಡೆದುಬಂದದ್ದು ಅಳಿಯಸಂತಾನ. ಪಟ್ಟ ಅರಸನ ಮಗನಿಗಲ್ಲ, ಅಕ್ಕತಂಗಿಯರ ಮಕ್ಕಳಿಗೆ. ಅಬ್ಬಕ್ಕ ಕೈಹಿಡಿದದ್ದು ಮಂಗಳೂರಿನ ಬಂಗರಸನನ್ನು. ಆದರೂ ಆಳಿದ್ದು ತವರಿನ ರಾಜ್ಯವನ್ನು.

ಆಳ್ವಿಕೆ ಹೋಗಿ ಎರಡು ಶತಮಾನ ದಾಟಿತು. 1949ರ ಅಳಿಯಸಂತಾನ ಕಾಯಿದೆ ಒಟ್ಟು ಕುಟುಂಬಗಳಲ್ಲಿ ಪಾಲು ಕೇಳುವ ಹಕ್ಕು ಕೊಟ್ಟಿತು. 1974ರ ಭೂಸುಧಾರಣೆಯ ಬಳಿಕ ತುಳುನಾಡಿನ ದೊಡ್ಡಮನೆಗಳಿಗೆ ಗೇಣಿಯ ಅಕ್ಕಿ ಬರುವುದು ನಿಂತಿತು. ಮಳೆಯೋ, ಆ ಕಡೆಯದು ನಾಲ್ಕು ತಿಂಗಳ ಮಳೆ. ಒಂದು ಹಂಚು ಒಡೆದರೆ ನೀರು ನೇರ ತೊಲೆಗೆ, ತೊಲೆಯಿಂದ ಕಂಬಕ್ಕೆ. ಹಿಂದೆ ಗೆದ್ದಲು. ಕಲ್ಲಿನ ಬಸದಿ ನಾವು ಮರೆತರೂ ನಿಂತೀತು. ಮರದ ಮನೆಗೆ ಒಳಗೆ ಒಲೆ ಉರಿಯುವ ಸಂಸಾರ ಬೇಕು. ಚೌಟರ ವಂಶದವರು ಅಲ್ಲಿ ವಾಸವಿರುವುದೇ ಆ ಕಂಬಗಳ ಪುಣ್ಯವೆಂದು ನಮಗೆ ತೋರುತ್ತದೆ. ತಾತನ ಕಾಲದ ವಾಡೆಯನ್ನು ಉಳಿಸಿಕೊಳ್ಳಲು ಹೆಣಗುವ ನಮ್ಮ ಓದುಗರಿಗೆ ಅದರ ಖರ್ಚು ಬಿಡಿಸಿ ಹೇಳಬೇಕಿಲ್ಲ.

ಆದ್ದರಿಂದ ನೆಂಟರ ಮನೆಗೆ ಹೋಗುವಂತೆ ಹೋಗಿ. ಊಟದ ಹೊತ್ತು ಬೇಡ, ಬಸ್ಸಿನ ಐವತ್ತು ಜನ ಒಮ್ಮೆಲೇ ನುಗ್ಗುವುದೂ ಬೇಡ. ಅಂಗಳದಲ್ಲಿ ನಿಂತು ಮನೆಯವರನ್ನು ಕೇಳಿ, ಅವರು ಒಪ್ಪಿದಷ್ಟನ್ನೇ ನೋಡಿ. ಫೋಟೋಕ್ಕೂ ಅಪ್ಪಣೆ ಪಡೆಯಿರಿ. ಕೆತ್ತನೆಯ ಮೇಲೆ ಕೈಯಿಡಬೇಡಿ. ಮಂಗಳೂರಿನಿಂದ ಮೂಡಬಿದಿರೆ ಸುಮಾರು 35 ಕಿ.ಮೀ. ಮಂಜೇಶ್ವರ, ಕಾಸರಗೋಡಿನವರು ಬೆಳಗ್ಗೆ ಹೊರಟು ಸಂಜೆಗೆ ಮನೆ ಸೇರಬಹುದು.