ತಾಮ್ರ ಹಿಡಿಯುವ ಕೆಂಪು ಹರಳು

ಅಮೋನಿಯದ ನೀರಿನಲ್ಲಿ ಕರಗಿಸಿದ ಅಮೋನಿಯಂ ಮಾಲಿಬ್ಡೇಟಿಗೆ ಬಣ್ಣವಿಲ್ಲ. ಅದರೊಳಕ್ಕೆ ಹೈಡ್ರೋಜನ್ ಸಲ್ಫೈಡ್ ಅನಿಲ ಹಾಯಿಸುತ್ತ ಹೋದರೆ ದ್ರಾವಣ ಮೊದಲು ಹಳದಿ, ಆಮೇಲೆ ಕಿತ್ತಳೆ, ಕೊನೆಗೆ ರಕ್ತಗೆಂಪು. ಮಾಲಿಬ್ಡಿನಮ್ ಸುತ್ತಲಿನ ನಾಲ್ಕು ಆಕ್ಸಿಜನ್‌ಗಳು ಒಂದೊಂದಾಗಿ ಜಾಗ ಖಾಲಿ ಮಾಡಿ, ಅಲ್ಲಿ ಗಂಧಕ ಬಂದು ಕೂರುತ್ತದೆ. ಕುಲುಮೆ ಬೇಡ, ಒತ್ತಡದ ಪಾತ್ರೆ ಬೇಡ. ಕೋಣೆಯ ಉಷ್ಣತೆಯಲ್ಲೇ ಕ್ರಿಯೆ ಸಾಗುತ್ತದೆ; ತುಸು ಬೆಚ್ಚಗಾದರೆ ಬೇಗ ಮುಗಿಯುತ್ತದೆ. ತಣಿಸಿದಾಗ ಅಮೋನಿಯಂ ಟೆಟ್ರಾಥಯೋಮಾಲಿಬ್ಡೇಟಿನ ಕೆಂಪು ಹರಳುಗಳು ಕೆಳಗಿಳಿಯುತ್ತವೆ. ಎಚ್ಚರ ಬೇಕಾದ್ದು ಅನಿಲದ ಬಗ್ಗೆ. ಕೊಳೆತ ಮೊಟ್ಟೆಯ ಆ ನಾತ ಪ್ರಮಾಣ ಹೆಚ್ಚಾದಾಗ ಮೂಗನ್ನೇ ಮರಗಟ್ಟಿಸುತ್ತದೆ. ವಾಸನೆ ಹೋಯಿತೆಂದು ನಿರಾಳವಾದವರಿಗೇ ಅಪಾಯ.

ಮಾಡುವುದು ಸುಲಭ, ಮಾಡಿದ್ದು ಅದೇ ಎಂದು ತೋರಿಸುವುದರಲ್ಲಿದೆ ನಿಜವಾದ ಕೆಲಸ. ಒಂದು ಆಕ್ಸಿಜನ್ ಉಳಿಸಿಕೊಂಡ ಅರೆಬರೆ ಅಣುವೂ ಬಣ್ಣದ್ದೇ, ಹಾಗಾಗಿ ಕಣ್ಣನ್ನು ನಂಬುವಂತಿಲ್ಲ. ರೋಹಿತಮಾಪಕದಲ್ಲಿ 468 ಮತ್ತು 317 ನ್ಯಾನೋಮೀಟರ್ ಬಳಿಯ ಎರಡು ಶಿಖರಗಳ ಎತ್ತರವನ್ನು ಹೋಲಿಸುತ್ತಾರೆ. ಇನ್‌ಫ್ರಾರೆಡ್‌ನಲ್ಲಿ ಆಕ್ಸಿಜನ್ ಬಂಧದ ಗೆರೆ ಎದ್ದರೆ ಮಾದರಿ ಶುದ್ಧವಲ್ಲ.

ಇದೇ ಟೆಟ್ರಾಥಯೋಮಾಲಿಬ್ಡೇಟ್ ಅಯಾನಿಗೆ ಅಮೋನಿಯಂ ಬದಲು ಬೇರೊಂದು ಜೊತೆಗಾರ ಅಯಾನನ್ನು ಕೊಟ್ಟು, ಸಾವಯವ ಅಣುಗಳಿಗೆ ಗಂಧಕ ದಾಟಿಸುವ ಕೆಲಸಕ್ಕೆ ಹಚ್ಚಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಸ್. ಚಂದ್ರಶೇಖರನ್ ಅವರ ತಂಡ.

ಆದರೆ ಈ ಅಣುವನ್ನು ರಸಾಯನಜ್ಞರಷ್ಟೇ ಮಾಡುವುದಿಲ್ಲ, ಹಸುವಿನ ಹೊಟ್ಟೆಯೂ ಮಾಡುತ್ತದೆ. ಇಂಗ್ಲೆಂಡಿನ ಸಾಮರ್ಸೆಟ್‌ನಲ್ಲಿ 'ಟಿಯರ್ಟ್' ಎಂದು ಹೆಸರಾದ ಹುಲ್ಲುಗಾವಲುಗಳಿದ್ದವು. ಅಲ್ಲಿ ಮೇದ ದನಗಳಿಗೆ ಬಿಡದ ಭೇದಿ. ಮೈ ಸೊರಗಿ ಕೂದಲಿನ ಬಣ್ಣ ಮಾಸುತ್ತಿತ್ತು. ಹುಲ್ಲಿನಲ್ಲಿ ಮಿತಿಮೀರಿದ ಮಾಲಿಬ್ಡಿನಮ್ ಇದಕ್ಕೆ ಕಾರಣವೆಂದು 1938ರಲ್ಲಿ ಸಂಶೋಧಕರು ಪ್ರಕಟಿಸಿದರು. ಗುಣವಾದದ್ದು ಮೈಲುತುತ್ತದಿಂದ! ನಮ್ಮ ಅಡಿಕೆ ತೋಟದವರು ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವ ಅದೇ ತಾಮ್ರದ ಲವಣ. ಒಳಗಿನ ಗುಟ್ಟು ತಿಳಿದದ್ದು ದಶಕಗಳ ನಂತರ. ಮೆಲುಕು ಹಾಕುವ ಪ್ರಾಣಿಯ ಮೊದಲ ಹೊಟ್ಟೆಯಲ್ಲಿ ಬ್ಯಾಕ್ಟೀರಿಯಾಗಳು ಸಲ್ಫೈಡ್ ಉತ್ಪಾದಿಸುತ್ತವೆ. ಮೇವಿನ ಮಾಲಿಬ್ಡಿನಮ್ ಅದರೊಂದಿಗೆ ಸೇರಿ ಥಯೋಮಾಲಿಬ್ಡೇಟ್ ಆಗುತ್ತದೆ. ಅದು ತಾಮ್ರವನ್ನು ಹಿಡಿದರೆ ಬಿಡುವುದಿಲ್ಲ, ದೇಹಕ್ಕೆ ತಾಮ್ರ ದಕ್ಕುವುದಿಲ್ಲ.

ಹಾಗಾದರೆ ತಾಮ್ರವೇ ವಿಷವಾದವರಿಗೆ? ಯಕೃತ್ತು, ಮಿದುಳಿನಲ್ಲಿ ತಾಮ್ರ ಶೇಖರವಾಗುವ ವಿಲ್ಸನ್ ಕಾಯಿಲೆಗೆ ಬ್ರಿಟನ್ನಿನ ವೈದ್ಯ ಜಾನ್ ವಾಲ್ಶ್ 1980ರ ದಶಕದಲ್ಲಿ ಟೆಟ್ರಾಥಯೋಮಾಲಿಬ್ಡೇಟನ್ನು ಪ್ರಯೋಗಿಸಿದರು. ಇದು ತಾಮ್ರವನ್ನು ಹಿಡಿಯುವ ಬಗೆ ಪ್ರಯೋಗಾಲಯದಲ್ಲಿ ಕಂಡಿತು: ತಾಮ್ರ ಹೊತ್ತೊಯ್ಯುವ ಪ್ರೋಟೀನ್ ಒಂದಕ್ಕೆ ಇದನ್ನು ಸೇರಿಸಿದಾಗ ಬಣ್ಣ ನೇರಳೆಗೆ ತಿರುಗಿತು. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ತಂಡ 2009ರಲ್ಲಿ ಆ ನೇರಳೆ ಸಂಯುಕ್ತದ ಹರಳಿನ ಎಕ್ಸ್-ರೇ ಚಿತ್ರಣ ಪ್ರಕಟಿಸಿತು: ಗಂಧಕದ ಸೇತುವೆಗಳಿಂದ ಮಾಲಿಬ್ಡಿನಮ್‌ಗೆ ಬೆಸೆದುಕೊಂಡ ತಾಮ್ರ, ಹಕ್ಕಿಗೂಡಿನ ಆಕಾರದಲ್ಲಿ.

ಪ್ರಮಾಣ ತಪ್ಪಿದರೆ ರೋಗಿಗೆ ಸಾಮರ್ಸೆಟ್ ಹಸುವಿನದೇ ಪಾಡು. ತಾಮ್ರ ಸಾಲದೆ ರಕ್ತಕಣಗಳು ಕಡಿಮೆಯಾಗುತ್ತವೆ. ಇನ್ನೊಂದು ತಲೆನೋವೆಂದರೆ ಅಮೋನಿಯಂ ಲವಣ ಗಾಳಿಯ ತೇವಕ್ಕೇ ಕೆಡುತ್ತ ಹೋಗುತ್ತದೆ. ಹೆಚ್ಚು ಬಾಳಿಕೆ ಬರಲೆಂದು ಅಮೋನಿಯಂ ತೆಗೆದು ಕೋಲಿನ್ ಎಂಬ ಬೇರೆ ಅಯಾನನ್ನು ಕೂರಿಸಿದ ಲವಣವನ್ನು ಆಮೇಲೆ ತಯಾರಿಸಿದರು.