ಎಲೇನಾ ಗಾರೋ: ಜೀವನ ಮತ್ತು ಕಥಾಸಾಹಿತ್ಯ

ಕಾದಂಬರಿಯನ್ನು ಕೈಗೆತ್ತಿಕೊಂಡ ವಿದ್ಯಾರ್ಥಿಗೆ ನಾವು ಮೊದಲು ಕಲಿಸುವ ಪ್ರಶ್ನೆಗಳಲ್ಲಿ ಕಥೆಯನ್ನು ಹೇಳುತ್ತಿರುವವರು ಯಾರು ಎಂಬುದು ಒಂದು. ಇದಕ್ಕೆ ಸಾಮಾನ್ಯವಾಗಿ ಎರಡು ಉತ್ತರಗಳು ಸಿದ್ಧವಾಗಿರುತ್ತವೆ: ಪಾತ್ರಗಳಲ್ಲಿ ಒಬ್ಬರು, ಇಲ್ಲವೆ ಸರ್ವಜ್ಞನಾದ ಕರ್ತೃ. 1963ರಲ್ಲಿ ಮೆಕ್ಸಿಕೋ ನಗರದಲ್ಲಿ ಪ್ರಕಟವಾದ ಒಂದು ಕಾದಂಬರಿಗೆ ಈ ಎರಡು ಉತ್ತರಗಳೂ ಸಲ್ಲುವುದಿಲ್ಲ. ಅಲ್ಲಿ ಕಥೆ ಹೇಳುವುದು ಒಂದು ಊರು. ಇಸ್ತೆಪೆಕ್ ಎಂಬ ಆ ಊರು ಗುಡ್ಡದ ಮೇಲಿನ ಕಲ್ಲೊಂದರ ಮೇಲೆ ಕುಳಿತು ತನ್ನನ್ನು ತಾನೇ ನೋಡಿಕೊಳ್ಳುತ್ತ, 'ನಾನು' ಎಂದು ಮಾತನಾಡುತ್ತದೆ. ಕಾದಂಬರಿಯ ಹೆಸರನ್ನು ಕನ್ನಡದಲ್ಲಿ 'ಮುಂಬರುವ ಕಾಲದ ನೆನಪುಗಳು' ಎನ್ನಬಹುದು. ಬರೆದವಳು ಎಲೇನಾ ಗಾರೋ.

ಗಾರೋ ಹುಟ್ಟಿದ್ದು ಮೆಕ್ಸಿಕೋ ದೇಶದ ಪ್ವೆಬ್ಲಾ ನಗರದಲ್ಲಿ, 1916ರ ಡಿಸೆಂಬರ್ 11ರಂದು. ಹಲವು ಆಕರಗ್ರಂಥಗಳಲ್ಲಿ 1920 ಎಂದು ಕಾಣುವುದಕ್ಕೆ ಆಕೆಯೇ ಕಾರಣಳು; ತನ್ನ ವಯಸ್ಸಿನಲ್ಲಿ ನಾಲ್ಕು ವರ್ಷಗಳನ್ನು ಕಡಮೆ ಹೇಳುವುದು ಆಕೆಗೆ ರೂಢಿಯಾಗಿತ್ತು. ಕಾಲವನ್ನು ಗಡಿಯಾರಕ್ಕೆ ಬಿಟ್ಟುಕೊಡಲು ಒಪ್ಪದ ಲೇಖಕಿಯಲ್ಲಿ ಇದೇನೂ ಆಶ್ಚರ್ಯವಲ್ಲ. ತಂದೆ ಸ್ಪೇನಿನವನು, ತಾಯಿ ಮೆಕ್ಸಿಕೋದವಳು. ಬಾಲ್ಯದ ಬಹುಭಾಗ ಕಳೆದದ್ದು ದಕ್ಷಿಣದ ಗೆರೆರೋ ಪ್ರಾಂತದ ಇಗ್ವಾಲಾ ಪಟ್ಟಣದಲ್ಲಿ. ಅದು ಕ್ರಿಸ್ತೇರೋ ಯುದ್ಧದ ಕಾಲ. ಅಧ್ಯಕ್ಷ ಕಾಯೆಸ್ 1926ರಲ್ಲಿ ಚರ್ಚಿನ ಅಧಿಕಾರಕ್ಕೆ ಕಟ್ಟುನಿಟ್ಟಾದ ಕಾನೂನುಗಳಿಂದ ಮಿತಿ ಹಾಕಿದಾಗ ಪಾದ್ರಿಗಳು ಪೂಜೆಯನ್ನೇ ನಿಲ್ಲಿಸಿದರು. ಹಳ್ಳಿಗರು ಕ್ರಿಸ್ತನ ಹೆಸರಿನಲ್ಲಿ ಆಯುಧ ಹಿಡಿದರು. 1929ರವರೆಗೆ ರಕ್ತಪಾತ ನಡೆಯಿತು. ಸೈನ್ಯವು ಬಂದು ಬೀಡುಬಿಟ್ಟ ಊರು, ಬಾಗಿಲು ಹಾಕಿದ ದೇವಾಲಯ, ಮನೆಯ ಕಿಟಕಿಯಿಂದ ಇವೆಲ್ಲವನ್ನೂ ನೋಡುವ ಮಕ್ಕಳು: ಇಸ್ತೆಪೆಕ್ಕಿನ ಮೂಲ ಅಲ್ಲಿದೆ.

ಮೆಕ್ಸಿಕೋ ನಗರದ ವಿಶ್ವವಿದ್ಯಾನಿಲಯದಲ್ಲಿ ಓದುತ್ತ, ನೃತ್ಯ ನಾಟಕಗಳಲ್ಲಿ ಪಳಗುತ್ತಿದ್ದ ಗಾರೋ 1937ರಲ್ಲಿ ಯುವಕವಿ ಆಕ್ಟೇವಿಯೋ ಪಾಜ್‌ನನ್ನು ಮದುವೆಯಾದಳು. ಆ ವರ್ಷವೇ ದಂಪತಿಗಳು ಅಂತರ್ಯುದ್ಧದಲ್ಲಿ ಬೇಯುತ್ತಿದ್ದ ಸ್ಪೇನಿಗೆ, ಫ್ಯಾಸಿಸ್ಟ್ ವಿರೋಧಿ ಲೇಖಕರ ಸಮ್ಮೇಳನಕ್ಕೆ ಹೋದರು. ಅಲ್ಲಿ ಕಂಡದ್ದನ್ನು ಆಕೆ ಪುಸ್ತಕವಾಗಿ ಪ್ರಕಟಿಸಿದ್ದು 55 ವರ್ಷಗಳ ಅನಂತರ, 1992ರಲ್ಲಿ. ಮಹಾಲೇಖಕರ ಭಾಷಣಗಳಿಗಿಂತ ಅವರ ಹೊಟ್ಟೆಬಾಕತನ, ಭಯ, ಒಣಜಂಭಗಳೇ ಆ ಪುಸ್ತಕದಲ್ಲಿ ಎದ್ದುಕಾಣುತ್ತವೆ. ಇಪ್ಪತ್ತರ ಹುಡುಗಿಯ ಕಣ್ಣಿಗೆ ದೊಡ್ಡವರ ಗಾಂಭೀರ್ಯವು ನಗೆಯ ವಸ್ತುವಾಗಿದ್ದುದನ್ನು ಆಕೆ ಮುದಿವಯಸ್ಸಿನಲ್ಲಿಯೂ ಮರೆತಿರಲಿಲ್ಲ.

ಅಲ್ಲಿಂದ ಮುಂದೆ ಅಲೆದಾಟ. 1939ರಲ್ಲಿ ಮಗಳು ಹುಟ್ಟಿದಳು. ಪಾಜ್ ರಾಯಭಾರ ಸೇವೆಗೆ ಸೇರಿದ ಮೇಲೆ ಅಮೆರಿಕಾ ಸಂಯುಕ್ತ ಸಂಸ್ಥಾನ, ಪ್ಯಾರಿಸ್, 1952ರಲ್ಲಿ ಜಪಾನ್, ಬಳಿಕ ಸ್ವಿಟ್ಸರ್ಲೆಂಡಿನ ಬರ್ನ್. ಬರ್ನ್ ನಗರದಲ್ಲಿ 1953ರಲ್ಲಿ, ಕಾಯಿಲೆಯಿಂದ ಮಲಗಿದ್ದಾಗ, ಗಾರೋ ತನ್ನ ಬಾಲ್ಯದ ಊರನ್ನು ನೆನೆದು ಕಾದಂಬರಿಯನ್ನು ಬರೆದಳು. ಆದರೆ ಅದು ಅಚ್ಚಾಗಲು ಹತ್ತು ವರ್ಷ ಹಿಡಿಯಿತು. ಈ ಅಂತರವನ್ನು ನಾವು ಗಮನಿಸಬೇಕು. ಗಾರ್ಸಿಯಾ ಮಾರ್ಕೇಸನ 'ಒಂದು ನೂರು ವರ್ಷಗಳ ಏಕಾಂತ' ಹೊರಬಂದದ್ದು 1967ರಲ್ಲಿ. ಗಾರೋವನ್ನು ಆತನ ದಾರಿಯಲ್ಲಿ ನಡೆದವಳೆಂದು ಬಗೆಯುವವರು ಕಾಲಕ್ರಮವನ್ನು ತಲೆಕೆಳಗೆ ಹಿಡಿದಿದ್ದಾರೆ. 'ಮಾಂತ್ರಿಕ ವಾಸ್ತವತೆ' ಎಂಬ ಹಣೆಪಟ್ಟಿಯಂತೂ ಆಕೆಗೆ ಸೇರುತ್ತಿರಲಿಲ್ಲ.

ಕಾದಂಬರಿಯಲ್ಲಿ ಎರಡು ಭಾಗಗಳಿವೆ. ಮೊದಲ ಭಾಗದಲ್ಲಿ ದಂಡನಾಯಕ ಫ್ರಾನ್ಸಿಸ್ಕೋ ರೋಸಾಸ್ ಊರನ್ನು ಹಿಡಿದಿಟ್ಟಿದ್ದಾನೆ. ಅವನು ಮತ್ತು ಅವನ ಅಧಿಕಾರಿಗಳು ತಮ್ಮ ಪ್ರೇಯಸಿಯರನ್ನು ಹೋಟೆಲೊಂದರಲ್ಲಿ ಇರಿಸಿಕೊಂಡಿದ್ದಾರೆ. ಭೂಮಿ ಕೇಳಿದ ಬಡ ಇಂಡಿಯನ್ ರೈತರ ಹೆಣಗಳು ಬೆಳಗಾಗುವಷ್ಟರಲ್ಲಿ ಮರಗಳಲ್ಲಿ ತೂಗುತ್ತಿರುತ್ತವೆ. ಅದರಿಂದ ಒಬ್ಬ ಜಮೀನುದಾರನ ಎಲ್ಲೆ ವಿಸ್ತಾರವಾಗುತ್ತದೆ. ಊರವರೆಲ್ಲರ ಕಣ್ಣು ಮಾತ್ರ ದಂಡನಾಯಕನ ಪ್ರೇಯಸಿ ಹೂಲಿಯಾಳ ಮೇಲೆ. ಇಷ್ಟು ಕ್ರೌರ್ಯಕ್ಕೂ ಅವಳು ಅವನನ್ನು ಪ್ರೀತಿಸದಿರುವುದೇ ಕಾರಣವೆಂದು ಅವರ ನಂಬಿಕೆ. ಇಲ್ಲಿ ಲೇಖಕಿಯ ವ್ಯಂಗ್ಯವು ಸೂಕ್ಷ್ಮವಾದದ್ದು. ಊರು ತನ್ನ ಕಥೆಯನ್ನು ತಾನೇ ಹೇಳುತ್ತಿರುವುದರಿಂದ, ಹೆಣ್ಣಿನ ಮೇಲೆ ತಪ್ಪು ಹೊರಿಸಿ ರೈತರ ಹೆಣಗಳನ್ನು ಮರೆಯುವ ತನ್ನ ಚಾಳಿಯನ್ನು ಅದು ತಾನೇ ಒಪ್ಪಿಕೊಂಡಂತಾಗುತ್ತದೆ. ಹೊರಗಿನ ನಿರೂಪಕನಾಗಿದ್ದರೆ ಇದು ಆರೋಪವಾಗುತ್ತಿತ್ತು. ಊರೇ ನಿರೂಪಕನಾದುದರಿಂದ ತಪ್ಪೊಪ್ಪಿಗೆಯಾಗಿದೆ.

ಆ ಊರಿನ ಮಾರ್ತೀನ್ ಮೊಂಕಾದಾ ಎಂಬ ಗೃಹಸ್ಥನ ಮನೆಯಲ್ಲಿ ಪ್ರತಿರಾತ್ರಿ ಒಂಬತ್ತು ಗಂಟೆಗೆ ಆಳು ಗಡಿಯಾರವನ್ನು ನಿಲ್ಲಿಸುತ್ತಾನೆ. ಅನಂತರದ ವೇಳೆ ಪಂಚಾಂಗಕ್ಕೆ ಸೇರಿದುದಲ್ಲ. ಅಲ್ಲಿ ನಡೆಯದ ಸಂಗತಿಗಳ ನೆನಪೂ ಉಂಟು, ಬರಲಿರುವ ಸಾವಿನ ನೆನಪೂ ಉಂಟು. ಕಾದಂಬರಿಯ ಹೆಸರಿನ ಒಗಟು ಇಲ್ಲಿ ಅರ್ಥವಾಗುತ್ತದೆ. ಆಶೆಯಿಲ್ಲದ ಊರಿಗೆ ಭವಿಷ್ಯವೆಂದರೆ ಭೂತದ ಪುನರಾವೃತ್ತಿ; ಆದ್ದರಿಂದಲೇ ಅದನ್ನು ಈಗಲೇ ನೆನೆಯಬಹುದು. ಊರಿನ ಹುಚ್ಚನೊಬ್ಬನಿದ್ದಾನೆ, ಹ್ವಾನ್ ಕಾರೀನ್ಯೋ. ತಾನು ದೇಶದ ಅಧ್ಯಕ್ಷನೆಂದು ಭಾವಿಸಿ ವೇಶ್ಯಾಗೃಹದಲ್ಲಿ ವಾಸಿಸುವ ಈತನು, ಜನ ಬೀದಿಯಲ್ಲಿ ಚೆಲ್ಲಿದ ಕೆಟ್ಟ ಮಾತುಗಳನ್ನು ದಿನವೂ ಹೆಕ್ಕಿ ತಂದು ನಿಘಂಟಿಗೆ ಮರಳಿ ಸೇರಿಸುತ್ತಾನೆ. ಭಾಷೆಯ ಅಧ್ಯಾಪಕರಾದ ನಮಗೆ ಈ ಪಾತ್ರದಲ್ಲಿ ವಿಶೇಷ ಮಮತೆ ಹುಟ್ಟಿದರೆ ತಪ್ಪಲ್ಲ.

ಮೊದಲ ಭಾಗದ ಕೊನೆಯಲ್ಲಿ, ಎಲ್ಲಿಂದಲೋ ಬಂದ ಫೆಲಿಪೆ ಉರ್ತಾದೋ ಎಂಬ ಅಪರಿಚಿತನನ್ನು ಕೊಲ್ಲಲು ದಂಡನಾಯಕನು ಅವನಿದ್ದ ಮನೆಯ ಬಾಗಿಲಿಗೆ ಬರುತ್ತಾನೆ. ಆಗ ಕಾಲವೇ ನಿಲ್ಲುತ್ತದೆ. ಊರಿನೊಳಗೆ ಕತ್ತಲೆ ಕದಲುವುದಿಲ್ಲ. ಹೊರಗಿನಿಂದ ಬಂದ ಹೇರುಕತ್ತೆಯವನೊಬ್ಬನು, ಹೊಲಗಳಲ್ಲಿ ಬೆಳಗಾಗಿದೆಯೆಂದೂ, ಕುದುರೆಯ ಮೇಲೆ ಒಬ್ಬನು ಗುಲಾಬಿ ಬಣ್ಣದ ಉಡುಪಿನ ಹೆಂಗಸನ್ನು ಅಪ್ಪಿಕೊಂಡು ಹೋದುದನ್ನು ಕಂಡೆನೆಂದೂ ಹೇಳುತ್ತಾನೆ. ಹೂಲಿಯಾಳನ್ನು ಊರು ಮತ್ತೆ ಕಾಣುವುದಿಲ್ಲ. ಇದನ್ನು ಪವಾಡವೆಂದು ಲೇಖಕಿ ಎಲ್ಲಿಯೂ ಘೋಷಿಸುವುದಿಲ್ಲ. ಹೇರಿನವನ ಸಾಕ್ಷ್ಯವನ್ನು ಮುಂದಿಟ್ಟು ಸುಮ್ಮನಾಗುತ್ತಾಳೆ.

ಎರಡನೆಯ ಭಾಗದಲ್ಲಿ ಅಂತಹ ಬಿಡುಗಡೆಯಿಲ್ಲ. ಚರ್ಚು ಮುಚ್ಚುತ್ತದೆ. ಅಡಗಿರುವ ಪಾದ್ರಿಯನ್ನು ಪಾರುಮಾಡಲು ಊರಿನ ಗಣ್ಯರು ದಂಡನಾಯಕನಿಗೆ ಔತಣವಿಟ್ಟು ಅವನ ಗಮನ ಸೆಳೆಯುತ್ತಾರೆ, ಉಪಾಯ ಬಯಲಾಗುತ್ತದೆ. ಮೊಂಕಾದಾ ಮನೆಯ ಮಗಳು ಇಸಾಬೆಲ್, ಔತಣದ ಕೆಂಪು ಉಡುಪಿನಲ್ಲಿಯೇ, ದಂಡನಾಯಕನೊಡನೆ ಹೋಗುತ್ತಾಳೆ. ಒಬ್ಬ ತಮ್ಮ ಗುಂಡಿಗೆ ಬಲಿಯಾಗುತ್ತಾನೆ; ಇನ್ನೊಬ್ಬನನ್ನು ಉಳಿಸಲು ರೋಸಾಸ್ ಒಳಗೊಳಗೆ ಏರ್ಪಾಡು ಮಾಡಿದರೂ ಆತನು ತಾನಾಗಿ ಹಿಂದಿರುಗಿ ಮರಣವನ್ನು ಕೇಳಿ ಪಡೆಯುತ್ತಾನೆ. ಸರಕಾರವೂ ಚರ್ಚೂ ಸೇರಿ ಭೂಮಿಯ ಪ್ರಶ್ನೆಯನ್ನು ಮರೆಸಲು ಈ ಜಗಳವನ್ನು ಹೂಡಿದವೆಂಬ ಕಟುವಾದ ಮಾತನ್ನು ಊರು ನಡುವೆ ಆಡುತ್ತದೆ. ಕ್ರಾಂತಿಯನ್ನು ಕೊಂಡಾಡಿದ ಮೆಕ್ಸಿಕೋ ಸಾಹಿತ್ಯದಲ್ಲಿ ಅಂದು ಇದು ಧೈರ್ಯದ ಮಾತು.

ಕೊನೆಯಲ್ಲಿ ಇಸಾಬೆಲ್ ಕಲ್ಲಾಗುತ್ತಾಳೆ. ನಮ್ಮ ವಿದ್ಯಾರ್ಥಿಗಳಿಗೆ ಅಹಲ್ಯೆಯ ನೆನಪು ಬರುವುದು ಸಹಜ. ಆದರೆ ಇಲ್ಲಿ ಕಲ್ಲನ್ನು ಮುಟ್ಟಿ ಎಬ್ಬಿಸುವವರು ಬರುವುದಿಲ್ಲ. ಗ್ರೆಗೋರಿಯಾ ಎಂಬ ಮದ್ದು ಕೊಡುವ ಮುದುಕಿ ಕಲ್ಲನ್ನು ಗುಡ್ಡದ ಮೇಲಕ್ಕೆ ಉರುಳಿಸಿ, ಇಸಾಬೆಲಳ ಬಾಯಿಂದ ಬಂದಂತೆ ಒಂದು ಬರೆಹವನ್ನು ಅದರ ಮೇಲೆ ಕೆತ್ತಿಸುತ್ತಾಳೆ. ಮನೆಯನ್ನು ಹಾಳುಮಾಡಿದ ಪುರುಷನನ್ನೇ ಪ್ರೀತಿಸಿದೆನೆಂಬ ತಪ್ಪೊಪ್ಪಿಗೆ ಅದು. ಊರು ಕುಳಿತಿರುವುದು ಈ ಕಲ್ಲಿನ ಮೇಲೆ. ಹಾಗಾದರೆ ಈ ಮಾತು ಯಾರದು? ಇಸಾಬೆಲ್ ತಾನಾಗಿ ಇದನ್ನು ಹೇಳಿಲ್ಲ. ಇನ್ನೊಬ್ಬಳು ಅವಳ ಪರವಾಗಿ ಹೇಳಿದ್ದಾಳೆ. ಕಾದಂಬರಿಯನ್ನು 'ದ್ರೋಹ ಬಗೆದ ಹೆಣ್ಣಿನ ಕಥೆ' ಎಂದು ಓದುವವರು ಕೆತ್ತಿದ ಬರೆಹವನ್ನು ನಂಬಿ ಪುಸ್ತಕವನ್ನು ಮರೆತಿದ್ದಾರೆಂದು ನನ್ನ ಅಭಿಪ್ರಾಯ.

ಈ ಕಾದಂಬರಿಗೆ 1963ರ ವಿಯಾಉರ್ರೂತಿಯಾ ಪ್ರಶಸ್ತಿ ಬಂದಿತು. ಅದಕ್ಕೆ ಮೊದಲೇ ಗಾರೋ ನಾಟಕಕಾರ್ತಿಯೆಂದು ಹೆಸರಾಗಿದ್ದಳು. 1957ರಲ್ಲಿ ರಂಗಕ್ಕೆ ಬಂದ 'ಭದ್ರವಾದ ಮನೆ' ಎಂಬ ಏಕಾಂಕದಲ್ಲಿ ಪಾತ್ರಗಳೆಲ್ಲರೂ ಒಂದೇ ಗೋರಿಯಲ್ಲಿ ಮಲಗಿರುವ ಒಂದು ಮನೆತನದ ಸತ್ತವರು. ಹೊಸದಾಗಿ ಬರುವವರನ್ನು ಕಾಯುತ್ತ ಹರಟುತ್ತಾರೆ. ಐದನೆಯ ವಯಸ್ಸಿನಲ್ಲಿ ಸತ್ತ ಹುಡುಗಿ ಐದು ವರ್ಷದವಳಾಗಿಯೇ ಉಳಿದಿದ್ದಾಳೆ. ಬೋರ್ಹೇಸ್ ಮತ್ತು ಆತನ ಮಿತ್ರರು ಅದ್ಭುತಸಾಹಿತ್ಯದ ತಮ್ಮ ಸಂಕಲನದ 1965ರ ಮುದ್ರಣಕ್ಕೆ ಈ ನಾಟಕವನ್ನು ಸೇರಿಸಿಕೊಂಡರು. 1964ರ 'ಬಣ್ಣಗಳ ವಾರ' ಎಂಬ ಸಂಗ್ರಹದಲ್ಲಿ 'ತಪ್ಪು ತ್ಲಾಸ್ಕಲದವರದು' ಎಂಬ ಕಥೆಯಿದೆ. ತ್ಲಾಸ್ಕಲದವರೆಂದರೆ, 1521ರಲ್ಲಿ ಅಜ್ಟೆಕರ ರಾಜಧಾನಿ ಬಿದ್ದಾಗ ಸ್ಪೇನಿನ ಕೋರ್ತೇಸನ ಜೊತೆಗೂಡಿದ್ದ ಇಂಡಿಯನ್ ಜನ. ಆಧುನಿಕ ಮೆಕ್ಸಿಕೋ ನಗರದ ಲಾರಾ ಎಂಬ ಗೃಹಿಣಿ, ಸರೋವರದ ಸೇತುವೆಯೊಂದರ ಮೇಲೆ ಕಾರು ನಿಂತಾಗ, ಆ ಯುದ್ಧದಿಂದ ಗಾಯಗೊಂಡು ಬಂದ ತನ್ನ ಮೊದಲ ಗಂಡನನ್ನು ಕಾಣುತ್ತಾಳೆ. ಅವನನ್ನು ಬಿಟ್ಟು ಓಡಿದ ದ್ರೋಹ ಅವಳದು. ಬಿಳಿಯ ಉಡುಪಿನ ಮೇಲೆ ರಕ್ತದ ಕಲೆ ಉಳಿಯುತ್ತದೆ. ಇದನ್ನೆಲ್ಲ ಆಕೆ ಹೇಳಿಕೊಳ್ಳುವುದು ಅಡಿಗೆಯ ಮನೆಯಲ್ಲಿ, ನಾಚಾ ಎಂಬ ಕೆಲಸದವಳೊಡನೆ. ಹಾಗೂ ನಂಬುವವಳು ಅವಳೊಬ್ಬಳೇ. ಲಾರಾ ಹೊರಟುಹೋದ ಮೇಲೆ ನಾಚಾ ಕೂಡ ಸಂಬಳವನ್ನೂ ಕೇಳದೆ ಆ ಮನೆಯನ್ನು ಬಿಡುತ್ತಾಳೆ.

ಸಾಹಿತ್ಯದ ಹೊರಗೂ ಗಾರೋ ಸುಮ್ಮನಿದ್ದವಳಲ್ಲ. ಮೊರೆಲೋಸ್ ಪ್ರಾಂತದ ಆವಾತೆಪೆಕ್ ಗ್ರಾಮದ ರೈತರ ಭೂಮಿಯ ಹಕ್ಕಿಗಾಗಿ ಕಚೇರಿಗಳನ್ನು ಅಲೆದಳು. 1959ರಲ್ಲಿ ವಿವಾಹ ಮುರಿಯಿತು. 1968ರ ಅಕ್ಟೋಬರ್ 2ರಂದು ತ್ಲಾತೆಲೋಲ್ಕೋ ಚೌಕದಲ್ಲಿ ಸೈನ್ಯವು ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿಸಿತು. ಭಾರತದಲ್ಲಿ ರಾಯಭಾರಿಯಾಗಿದ್ದ ಪಾಜ್ ಪ್ರತಿಭಟಿಸಿ ದೆಹಲಿಯ ಹುದ್ದೆಯನ್ನು ತೊರೆದುದು ನಮ್ಮಲ್ಲಿ ಹಲವರಿಗೆ ತಿಳಿದ ವಿಷಯ. ಅದೇ ದಿನಗಳಲ್ಲಿ ಗಾರೋವಿಗೆ ಒದಗಿದ ಗತಿ ಅಷ್ಟಾಗಿ ತಿಳಿಯದು. ಬಂಧಿತನಾದ ವಿದ್ಯಾರ್ಥಿ ನಾಯಕನೊಬ್ಬನು ಆಕೆಯನ್ನು ಚಳವಳಿಯ ಪ್ರೇರಕರಲ್ಲಿ ಒಬ್ಬಳೆಂದು ಹೆಸರಿಸಿದನು. ಹುಡುಗರನ್ನು ಮುಂದೆ ನೂಕಿ ಬುದ್ಧಿಜೀವಿಗಳು ಹಿಂದೆ ಸರಿದರೆಂದು ಆಕೆ ಹೇಳಿದ ಮಾತು ಪತ್ರಿಕೆಗಳಲ್ಲಿ ಬಂದಿತು. ತನ್ನ ಮಾತನ್ನು ತಿರುಚಿದರೆಂಬುದು ಆಕೆಯ ವಾದ. ಸರಕಾರಕ್ಕೂ ಸರಕಾರದ ವಿರೋಧಿಗಳಿಗೂ ಏಕಕಾಲದಲ್ಲಿ ಬೇಡವಾದ ಆಕೆ ಮಗಳೊಡನೆ 1972ರಲ್ಲಿ ದೇಶವನ್ನು ಬಿಟ್ಟಳು. ನ್ಯೂಯಾರ್ಕ್, ಮ್ಯಾಡ್ರಿಡ್, ಪ್ಯಾರಿಸ್: ಬಡತನದಲ್ಲಿ, ಬೆಕ್ಕುಗಳ ಸಂಗಡ, ಎರಡು ದಶಕಗಳು. ಮೊದಲಿನ ಪ್ರಯಾಣಗಳು ರಾಯಭಾರಿಯ ಪತ್ನಿಯದು, ಇವು ಓಡಿಹೋದವಳದು.

ಆ ಕಾಲದ ಬರೆವಣಿಗೆಯಲ್ಲಿ 1981ರ 'ಮರಿಯಾನಾಳನ್ನು ಕುರಿತ ಸಾಕ್ಷ್ಯಗಳು' ಶ್ರೇಷ್ಠವಾದುದು. ಪೀಡಿಸುವ ಗಂಡನಿಂದ ತಪ್ಪಿಸಿಕೊಳ್ಳುವ ಹೆಂಗಸನ್ನು ಕುರಿತು ಮೂವರು ಸಾಕ್ಷಿ ನುಡಿಯುತ್ತಾರೆ. ಮರಿಯಾನಾ ಮಾತ್ರ ಒಮ್ಮೆಯೂ ಕಥೆ ಹೇಳುವುದಿಲ್ಲ. ಗಂಡ ಪಾಜ್‌ನೆಂದೂ, ಪ್ರೇಮಿಯು ಆರ್ಜೆಂಟೀನಾದ ಲೇಖಕ ಬಿಯೋಯ್ ಕಾಸಾರೆಸ್ ಎಂದೂ ಗುರುತುಹಚ್ಚುವ ಕೆಲಸದಲ್ಲಿ ಅನೇಕರು ಶ್ರಮಿಸಿದ್ದಾರೆ. ಗುರುತು ಸರಿಯಿರಬಹುದು. ಆದರೆ ಇಸಾಬೆಲಳ ಕಲ್ಲಿನ ಮೇಲೆ ಗ್ರೆಗೋರಿಯಾ ಬರೆಸಿದಂತೆ ಇಲ್ಲಿ ಮೂವರು ಇನ್ನೊಬ್ಬಳ ಬಾಳನ್ನು ಬರೆಯುತ್ತಿದ್ದಾರೆಂಬುದನ್ನು ಆ ಪತ್ತೇದಾರಿಯು ಕಾಣಗೊಡುವುದಿಲ್ಲ. ಇತರ ಕೊನೆಗಾಲದ ಕಾದಂಬರಿಗಳಲ್ಲಿ ಬೆನ್ನಟ್ಟುವವರ ಭಯವೇ ಅತಿಯಾಗಿ, ರಚನೆ ಸಡಿಲವಾಗಿದೆ ಎಂದು ಒಪ್ಪಲೇಬೇಕು.

ಗಾರೋ 1993ರಲ್ಲಿ ಸ್ವದೇಶಕ್ಕೆ ಮರಳಿ, ಕ್ವೆರ್ನವಾಕಾ ನಗರದಲ್ಲಿ 1998ರ ಆಗಸ್ಟ್ 22ರಂದು ತೀರಿಕೊಂಡಳು. ಪಾಜ್ ಅದೇ ವರ್ಷದ ಏಪ್ರಿಲ್‌ನಲ್ಲಿ ತೀರಿಕೊಂಡಿದ್ದನು. ಆಕೆಯ ಜನ್ಮಶತಾಬ್ದಿಯ ವರ್ಷವಾದ 2016ರಲ್ಲಿ ಸ್ಪೇನಿನ ಪ್ರಕಾಶಕರೊಬ್ಬರು ಆಕೆಯ ಕಾದಂಬರಿಯೊಂದನ್ನು ಮತ್ತೆ ಅಚ್ಚುಹಾಕಿ, ಹೊದಿಕೆಯ ಪಟ್ಟಿಯ ಮೇಲೆ ಆಕೆ ಯಾರ ಹೆಂಡತಿ, ಯಾರ ಪ್ರೇಯಸಿ, ಯಾರಿಗೆ ಸ್ಫೂರ್ತಿ, ಯಾರ ಮೆಚ್ಚಿಕೆಗೆ ಪಾತ್ರಳು ಎಂದು ನಾಲ್ವರು ಗಂಡಸರ ಹೆಸರುಗಳಿಂದ ಪರಿಚಯಿಸಿದರು. ಓದುಗರು ಪ್ರತಿಭಟಿಸಿದರು, ಪ್ರಕಾಶಕರು ಕ್ಷಮೆ ಕೇಳಿದರು. ಇಸ್ತೆಪೆಕ್ಕಿನ ಕಾದಂಬರಿಯು ರೂತ್ ಸಿಮ್ಸ್ ಮಾಡಿದ ಇಂಗ್ಲಿಷ್ ಅನುವಾದದಲ್ಲಿ 1969ರಲ್ಲಿ ಟೆಕ್ಸಸ್ ವಿಶ್ವವಿದ್ಯಾನಿಲಯದಿಂದ ಹೊರಬಂದಿದೆ. ತರಗತಿಯಲ್ಲಿ ಓದಿಸುವವರು ಮೊದಲು ಲಾರಾಳ ಕಥೆಯನ್ನು ತೆಗೆದುಕೊಂಡು, ಅನಂತರ ಈ ಕಾದಂಬರಿಗೆ ಬರುವುದು ಅನುಕೂಲ. ಅಡಿಗೆಯ ಮನೆಯ ಆ ಮಾತುಕತೆಯನ್ನು ಓದಿಬಂದವರಿಗೆ ಕಲ್ಲಿನ ಮೇಲೆ ಕುಳಿತ ಊರಿನ ದನಿ ಬೇಗನೆ ಪರಿಚಯವಾಗುತ್ತದೆ.