ಮುಖ ವಿಷ್ಣುದು, ಮೈ ಯಾರದು?

ಮಿರ್ಲೆಯ ಟೀ ಅಂಗಡಿಯೊಂದರಲ್ಲಿ ಮೊನ್ನೆ ಸಂಜೆ ಮೊಬೈಲ್ ಸುತ್ತ ನಾಲ್ಕೈದು ಮಂದಿ ಜಗಳಕ್ಕೇ ನಿಂತಿದ್ದರು. ಓಡುತ್ತಿದ್ದದ್ದು 2016ರ ‘ನಾಗರಹಾವು’ ಚಿತ್ರದ ಕೊನೆ ಭಾಗ.

“ಅವ್ರದೇ ಮುಖ ಕಣಣ್ಣ, ಸರಿಯಾಗ್ ನೋಡು” ಅಂತ ಹುಡುಗ. “ಮುಖ ಇರಬೋದು ಕಣ್ಲಾ, ನಡಿಗೆ ಅವ್ರದಲ್ಲ” ಅಂತ ಹಿರಿಯರು.

ಇಬ್ಬರ ಮಾತೂ ಸರಿಯೇ. ವಿಷ್ಣುವರ್ಧನ್ ಮೈಸೂರಿನಲ್ಲಿ ಕೊನೆಯುಸಿರೆಳೆದದ್ದು 2009ರ ಡಿಸೆಂಬರ್ 30ರಂದು. ಕೋಡಿ ರಾಮಕೃಷ್ಣ ನಿರ್ದೇಶನದ ಈ ಚಿತ್ರ ತೆರೆ ಕಂಡದ್ದು 2016ರ ಅಕ್ಟೋಬರ್‌ನಲ್ಲಿ. ಹೋದವರು ಎದ್ದು ಬಂದದ್ದು ಮಂತ್ರದಿಂದಲ್ಲ, ಮಕುಟ ಎಂಬ ಗ್ರಾಫಿಕ್ಸ್ ಸಂಸ್ಥೆಯ ಕಂಪ್ಯೂಟರಿನಿಂದ!

ಕೆಲಸ ಸುಲಭದ್ದಲ್ಲ ಸ್ವಾಮಿ. ಕ್ಯಾಮೆರಾ ಮುಂದೆ ನಟಿಸುವವರು ಬೇರೊಬ್ಬರು. ಅವರ ಕತ್ತಿನ ಮೇಲೆ ಕಂಪ್ಯೂಟರಿನಲ್ಲಿ ಮಾಡಿದ ತಲೆ ಕೂರಬೇಕು. ಬದುಕಿರುವ ನಟನಾದರೆ ಕೂರಿಸಿ ಸುತ್ತಲಿಂದ ಅಳತೆ ತೆಗೆಯಬಹುದು. ಇಲ್ಲದವರ ಅಳತೆ ಎಲ್ಲಿಂದ ತರೋದು? ಹಳೇ ಫೋಟೋ, ಹಳೇ ಸಿನಿಮಾಗಳೇ ಗತಿ. ಸೆಕೆಂಡಿಗೆ 24 ಚಿತ್ರ, ನಿಮಿಷಕ್ಕೆ 1,440. ಕತ್ತು ಎಷ್ಟು ತಿರುಗಿತೋ ತಲೆಯೂ ಅಷ್ಟೇ ತಿರುಗಬೇಕು, ಮೈ ಮೇಲಿನ ಬೆಳಕೇ ಕೆನ್ನೆ ಮೇಲೂ ಬೀಳಬೇಕು. ಕೂದಲೆಳೆಯಷ್ಟು ತಪ್ಪಿದರೂ ಮೇಣದ ಗೊಂಬೆ. ಕಣ್ಣಲ್ಲಂತೂ ಮೊದಲು ಸಿಕ್ಕಿಬೀಳುತ್ತದೆ.

ಹಾಲಿವುಡ್‌ನವರು ಪಾಲ್ ವಾಕರ್ ತೀರಿಕೊಂಡ ಮೇಲೆ ಅವರ ಚಿತ್ರವನ್ನು 2015ರಲ್ಲಿ ಮುಗಿಸಿದ್ದೂ ಹೀಗೇ. ಅಲ್ಲಿ ಮೈ ಕೊಡಲು ಒಡಹುಟ್ಟಿದ ತಮ್ಮಂದಿರೇ ಇದ್ದರು. ನಮ್ಮಲ್ಲಿ ಆ ಅನುಕೂಲ ಇರಲಿಲ್ಲ. ಹಿರಿಯರು ನಡಿಗೆ ಹಿಡಿದು ಪ್ರಶ್ನೆ ಎತ್ತಿದ್ದು ಅದಕ್ಕೇ.

ಇನ್ನೊಂದು ಮಾತು. ಇದೇ ಹೆಸರಿನ 1972ರ ‘ನಾಗರಹಾವು’ ಮಾಡಿದ ಪುಟ್ಟಣ್ಣ ಕಣಗಾಲ್ ನಮ್ಮ ಪಿರಿಯಾಪಟ್ಟಣದ ಕಣಗಾಲಿನವರು. ಹೊಸ ಹುಡುಗನನ್ನು ರಾಮಾಚಾರಿ ಮಾಡಿ ನಿಲ್ಲಿಸಿದರು. ಆ ಸಿಟ್ಟು, ಆ ಹಠ ಕ್ಯಾಮೆರಾ ಮುಂದೆ ಆ ಹುಡುಗನಿಂದಲೇ ಬಂದದ್ದು. ಬದುಕಿರುವ ನಟ “ಈ ಸೀನು ನನಗೆ ಬೇಡ ಸಾರ್” ಅನ್ನಬಹುದು. ಕಂಪ್ಯೂಟರಿನ ಮುಖ ಏನೆಂದೀತು? ಮನೆಯವರು, ನಿರ್ಮಾಪಕರು ಒಪ್ಪಿದರೂ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಎಚ್.ಡಿ. ಕೋಟೆ ರಸ್ತೆಯಲ್ಲಿ ಉದ್ಬೂರು ಬಳಿ 2023ರ ಜನವರಿಯಲ್ಲಿ ವಿಷ್ಣು ಸ್ಮಾರಕ ಉದ್ಘಾಟನೆ ಆಯಿತು. ಹಿರಿಯರು ಅದನ್ನು ನೋಡಿ ಬಂದಿದ್ದಾರಂತೆ.

“ಹಳೇದ್ ಹಾಕ್ಲಾ, ತೋರುಸ್ತೀನಿ” ಅಂದರು ಅವರು. ಹುಡುಗ ಹುಡುಕುವಷ್ಟರಲ್ಲಿ ಕೆ.ಆರ್. ನಗರದ ಬಸ್ಸು ಬಂತು.